ಗಿಟಾರಿಗೂ ಒಂದು ಎಂಟನೇ ಕ್ರಾಸ್ ಬೇಕು

ನಮ್ಮಕ್ಕ ವೀಣೆ ನುಡಿಸುತ್ತಾಳೆ. ಅವಳ ಮಗ ಲಾಕ್‌ಡೌನ್ ಕಾಲದಲ್ಲಿ ಗಿಟಾರ್ ಹಿಡಿದವನು, ಇನ್ನೂ ಬಿಟ್ಟಿಲ್ಲ. ಕುವೆಂಪುನಗರದ ಮನೆಯಲ್ಲಿ ಮಹಡಿ ಮೇಲಿನ ಸಣ್ಣ ರೂಮು ಅವನದು. ಒಂದು ಭಾನುವಾರ ಸಂಜೆ ನಾವಿಬ್ಬರೂ ಕಾಫಿ ಕುಡಿಯುತ್ತಾ ಕೂತಿದ್ದೆವು. ಮೇಲಿಂದ ಒಂದು ಸ್ವರ ಕೇಳಿಬಂತು. ಅದು ನಿಂತಲ್ಲೇ ನಿಲ್ಲಲಿಲ್ಲ. ನಿಧಾನಕ್ಕೆ ಮೇಲೇರಿತು, ಮುಂದಿನ ಸ್ವರವನ್ನು ಮುಟ್ಟಿತು, ಅಲ್ಲೇ ಸ್ವಲ್ಪ ನಡುಗಿತು, ಮತ್ತೆ ಇಳಿಯಿತು. ಅಕ್ಕ ಲೋಟ ಕೆಳಗಿಟ್ಟಳು. "ಇವನು ತಂತಿ ಎಳೀತಿದಾನೆ ಕಣೋ. ಇದು ನಮ್ದೇ ಅಲ್ವಾ?" ಅಂದಳು.

ಇಬ್ಬರೂ ಮೇಲೆ ಹೋದೆವು. ಅವನು ತೋರಿಸಿದ. ಉಂಗುರದ ಬೆರಳು ಮೂರನೇ ತಂತಿಯ ಏಳನೇ ಮೆಟ್ಟಿಲ (ಫ್ರೆಟ್) ಮೇಲೆ. ಅದರ ಹಿಂದೆ ಇನ್ನೆರಡು ಬೆರಳು ಆಸರೆಗೆ. ಮೂರೂ ಸೇರಿ ತಂತಿಯನ್ನು ಮೇಲಕ್ಕೆ ತಳ್ಳಿದವು, ಸ್ವರ ಏರಿತು. ಅಕ್ಕ ಕೆಳಗಿಂದ ವೀಣೆ ತರಿಸಿ, ಅದೇ ಸ್ವರ ಹಿಡಿದು, ಒಂದೇ ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದಳು. ಅದೇ ಏರು, ಅದೇ ಇಳಿತ. ಆಮೇಲೆ ತಾಯಿ ಮಗ ಕೈ ಪಕ್ಕ ಪಕ್ಕ ಇಟ್ಟು ನೋಡಿಕೊಂಡರು. ಇಬ್ಬರ ಬೆರಳ ತುದಿಯಲ್ಲೂ ತಂತಿ ಕೊರೆದ ಗೆರೆ ಇತ್ತು, ಚರ್ಮ ಗಟ್ಟಿಯಾಗಿತ್ತು.

"ಯಾರು ಹೇಳಿಕೊಟ್ಟರು?" ಅಂತ ಕೇಳಿದೆ. ಫೋನ್ ತೋರಿಸಿದ. 1969ರ ಒಂದು ಬೆಳಗ್ಗೆ, ಅಮೆರಿಕದ ಒಂದು ಹಸುವಿನ ಫಾರ್ಮಿನಲ್ಲಿ ನುಡಿಸುತ್ತಿರುವ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್. ಆತ ತೀರಿಕೊಂಡು 50 ವರ್ಷದ ಮೇಲಾಯಿತು. ಸತ್ತಾಗ 27 ವಯಸ್ಸು. ಅಷ್ಟು ಕಡಿಮೆ ಬದುಕಿದವನ ಬೆರಳ ಓಟ ಇಷ್ಟು ವರ್ಷ ದಾಟಿ ಮೈಸೂರಿನ ಒಂದು ಮಹಡಿ ರೂಮಿಗೆ ಬಂದಿದ್ದು ಹೇಗೆ? ಪ್ರತಿಭೆ ಅಂತ ಹೇಳಿ ಸುಮ್ಮನಾಗಬಹುದು. ಆದರೆ ಆ ಬೆರಳಿಗೆ ಒಂದು ವೇದಿಕೆ ಸಿಕ್ಕಿತ್ತು. ಆ ಗಳಿಗೆಯನ್ನು ಹಿಡಿದಿಟ್ಟುಕೊಂಡವರು ಇದ್ದರು. ಇವೆರಡೂ ಇಲ್ಲದಿದ್ದರೆ ಎಂಥ ಕೈಯಾದರೂ ಮನೆಯಲ್ಲೇ ಉಳಿದುಬಿಡುತ್ತದೆ ಅನ್ನುವುದು ನನ್ನ ಮಾತು. ಕರ್ನಾಟಕ ಸಂಗೀತಕ್ಕೆ ಮೈಸೂರಿನ ಎಂಟನೇ ಕ್ರಾಸಿನ ಬೀದಿ ಕಛೇರಿ ಇರುವ ಹಾಗೆ, ಇಲ್ಲಿನ ಗಿಟಾರಿನವರಿಗೂ ವರ್ಷ ವರ್ಷ ತಪ್ಪದೆ ಬರುವ ಒಂದು ವೇದಿಕೆ ಬೇಕು. ಅದಕ್ಕೇ ಈ ಮಾತು.

ಎಲೆಕ್ಟ್ರಿಕ್ ಗಿಟಾರ್ ಹುಟ್ಟಿದ್ದು ಗಲಾಟೆ ಮಾಡಲಿಕ್ಕಲ್ಲ, ದನಿ ಕೇಳಿಸುತ್ತಿರಲಿಲ್ಲ ಅಂತ. ದೊಡ್ಡ ಡ್ಯಾನ್ಸ್ ಬ್ಯಾಂಡುಗಳಲ್ಲಿ ತುತ್ತೂರಿ, ಡ್ರಮ್ಮುಗಳ ನಡುವೆ ಗಿಟಾರಿನ ಸದ್ದು ಮುಳುಗಿಹೋಗುತ್ತಿತ್ತು. 1930ರ ದಶಕದ ಆರಂಭದಲ್ಲಿ ತಂತಿಯ ಕೆಳಗೆ ಅಯಸ್ಕಾಂತ ಮತ್ತು ತಾಮ್ರದ ಸುರುಳಿ ಇಟ್ಟರು. ಇದಕ್ಕೆ ಪಿಕಪ್ ಅನ್ನುತ್ತಾರೆ. ಉಕ್ಕಿನ ತಂತಿ ಅದುರಿದರೆ ಸುರುಳಿಯಲ್ಲಿ ಸಣ್ಣ ಕರೆಂಟು ಹುಟ್ಟುತ್ತದೆ, ಅದನ್ನು ಆಂಪ್ಲಿಫೈಯರ್ ದೊಡ್ಡದು ಮಾಡುತ್ತದೆ. ಹೆಚ್ಚು ಕಡಿಮೆ ಅದೇ ಕಾಲದಲ್ಲಿ ನಮ್ಮ ಟಿ. ಚೌಡಯ್ಯನವರಿಗೂ ಇದೇ ಚಿಂತೆ ಇತ್ತು. ಮೈಕು ಇಲ್ಲದ ದೊಡ್ಡ ಸಭೆಯಲ್ಲಿ ಪಿಟೀಲಿನ ದನಿ ಹಿಂದಿನ ಸಾಲಿಗೆ ಹೋಗುತ್ತಿರಲಿಲ್ಲ. ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ಮಾಡಿಸಿದರು. ತಿರುಮಕೂಡಲಿನ ಕಡೆಯವರು, ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಬಳಿ ಕಲಿತವರು. ಅಲ್ಲಿಯೂ ಇಲ್ಲಿಯೂ ತೊಂದರೆ ಒಂದೇ ಆಗಿತ್ತು. ಪರಿಹಾರ ಮಾತ್ರ ಬೇರೆ ಬೇರೆ.

ಹೆಂಡ್ರಿಕ್ಸ್ ಮಾಡಿದ್ದು ಈ ಕತೆಯ ಮುಂದಿನ ಭಾಗ. ಗಣೇಶನ ಪೆಂಡಾಲಿನಲ್ಲಿ ಮೈಕನ್ನು ಬಾಕ್ಸಿನ ಹತ್ತಿರ ತಂದರೆ ಕುಂಯ್ ಅನ್ನುತ್ತದಲ್ಲ, ಎಲ್ಲರೂ ಕಿವಿ ಮುಚ್ಚಿಕೊಳ್ಳುತ್ತಾರೆ, ಸೌಂಡಿನವರು ಓಡಿಬರುತ್ತಾರೆ. ಸ್ಪೀಕರಿನಿಂದ ಬಂದ ಸದ್ದು ಮತ್ತೆ ಮೈಕಿಗೆ ಹೋಗಿ, ಮತ್ತೆ ಸ್ಪೀಕರಿಗೆ ಬಂದು, ಸುತ್ತುತ್ತಾ ಬೆಳೆಯುವುದು ಅದು. ಗಿಟಾರಿನಲ್ಲೂ ಹಾಗೇ ಆಗುತ್ತದೆ. ಆಂಪ್ ಎದುರು ನಿಂತರೆ ಸ್ಪೀಕರಿನ ಗಾಳಿಯೇ ತಂತಿಯನ್ನು ಅದುರಿಸುತ್ತದೆ, ಸ್ವರ ನಿಲ್ಲುವುದೇ ಇಲ್ಲ. ಬೇರೆಯವರಿಗೆ ಅದು ತಪ್ಪು. ಕೆಲವರು ಅದನ್ನು ಬೇಕೆಂದೇ ಬಳಸಲು ಶುರುಮಾಡಿದ್ದರು. ಹೆಂಡ್ರಿಕ್ಸ್ ಅದನ್ನು ಪಳಗಿಸಿ ಹಾಡಿಸಿದರು. ಎಷ್ಟು ದೂರ ನಿಲ್ಲಬೇಕು, ಯಾವ ಕಡೆ ತಿರುಗಬೇಕು, ತಂತಿಯನ್ನು ಎಷ್ಟು ಸಡಿಲಿಸಬೇಕು, ಎಲ್ಲ ಮೈಗೆ ಗೊತ್ತಿತ್ತು. ಎಡಗೈ ಆಟಗಾರ. ಬಲಗೈಯವರಿಗೆಂದು ಮಾಡಿದ ಗಿಟಾರನ್ನೇ ತಿರುಗಿಸಿ ಹಿಡಿದು ನುಡಿಸುತ್ತಿದ್ದರು.

ಅವನ ಫೋನಿನಲ್ಲಿ ಕಂಡದ್ದು ವುಡ್‌ಸ್ಟಾಕ್ ಸಂಗೀತ ಉತ್ಸವ. ಅದು ನಡೆದಿದ್ದು 1969ರ ಆಗಸ್ಟ್ 15ರಿಂದ. ನ್ಯೂಯಾರ್ಕ್ ರಾಜ್ಯದ ಬೆತೆಲ್‌ನಲ್ಲಿ, ಮ್ಯಾಕ್ಸ್ ಯಾಸ್ಗರ್ ಅನ್ನುವ ಹಾಲಿನ ರೈತರ ಜಮೀನಿನಲ್ಲಿ. ಬೇಲಿ ಮುಗಿಯುವ ಮೊದಲೇ ಜನ ಬಂದುಬಿಟ್ಟರು. ನಾಲ್ಕು ಲಕ್ಷ ದಾಟಿತು ಅನ್ನುತ್ತಾರೆ. ಟಿಕೆಟ್ ಕೇಳುವವರಿಲ್ಲ, ಊಟ ಸಾಲದು, ಮಳೆ, ಕೆಸರು. ಎಲ್ಲ ತಡವಾಗಿ, ಭಾನುವಾರ ರಾತ್ರಿ ನುಡಿಸಬೇಕಿದ್ದ ಹೆಂಡ್ರಿಕ್ಸ್ ವೇದಿಕೆ ಹತ್ತಿದ್ದು ಸೋಮವಾರ ಬೆಳಗ್ಗೆ. ಅಷ್ಟರಲ್ಲಿ ಬಹುಪಾಲು ಜನ ಮನೆಗೆ ಹೊರಟಿದ್ದರು. ಉಳಿದವರ ಮುಂದೆ ಅಮೆರಿಕದ ರಾಷ್ಟ್ರಗೀತೆಯನ್ನು ಒಂದೇ ಗಿಟಾರಿನಲ್ಲಿ ನುಡಿಸಿದರು. ನಡುನಡುವೆ ತಂತಿಯಿಂದಲೇ ಬಾಂಬು ಬೀಳುವ ಸದ್ದು, ಕೂಗು, ಸೈರನ್. ಆಗ ವಿಯೆಟ್ನಾಂ ಯುದ್ಧ ನಡೆಯುತ್ತಿತ್ತು. ಒಂದು ಮಾತಿಲ್ಲದೆ ಯುದ್ಧದ ಬಗ್ಗೆ ಹೇಳಿದ ಹಾಗೆ ಜನರಿಗೆ ಕೇಳಿಸಿತು.

ಜನ ಹೊರಟುಹೋಗಿದ್ದ ಆ ಬೆಳಗ್ಗೆ ಇವತ್ತಿಗೂ ಉಳಿದಿದ್ದು ಯಾಕೆಂದರೆ ಅಲ್ಲಿ ಕ್ಯಾಮೆರಾ ಓಡುತ್ತಿತ್ತು. ಮರುವರ್ಷ ಬಂದ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಸಿಕ್ಕಿತು. ಉತ್ಸವ ನಡೆಸಿದವರು ಸಾಲದಲ್ಲಿ ಮುಳುಗಿದ್ದರು, ಸಿನಿಮಾ ಮತ್ತು ರೆಕಾರ್ಡುಗಳ ಹಣದಿಂದ ನಿಧಾನಕ್ಕೆ ಮೇಲೆ ಬಂದರು. ಮೈದಾನದಲ್ಲಿ ನಿಂತು ಕೇಳಿದವರಿಗಿಂತ ಪರದೆಯಲ್ಲಿ ನೋಡಿದವರು ಎಷ್ಟೋ ಪಟ್ಟು ಜಾಸ್ತಿ. ನನ್ನ ಅಕ್ಕನ ಮಗನೂ ಅವರಲ್ಲಿ ಒಬ್ಬ.

ಇದೇ ಉತ್ಸವದ ಮೊದಲ ದಿನ ಮಳೆಯಲ್ಲಿ ಪಂಡಿತ್ ರವಿಶಂಕರ್ ಸಿತಾರ್ ನುಡಿಸಿದ್ದರು. ಅವರಿಗೆ ಆ ವಾತಾವರಣ ಹಿಡಿಸಲಿಲ್ಲ. ಅದಕ್ಕೂ ಎರಡು ವರ್ಷ ಮೊದಲು, 1967ರ ಮಾಂಟೆರೆ ಉತ್ಸವದಲ್ಲಿ ಹೆಂಡ್ರಿಕ್ಸ್ ತಮ್ಮ ಗಿಟಾರಿಗೆ ಬೆಂಕಿ ಹಚ್ಚಿದ್ದನ್ನು ಕಂಡು ಅವರು ನೊಂದಿದ್ದರು. ವಾದ್ಯವನ್ನು ದೇವರಂತೆ ಕಾಣುವ ಮನೆತನದಿಂದ ಬಂದವರಿಗೆ ಅದು ನೋಯದೆ ಇರುತ್ತದೆಯೇ? ನಾನು ಈ ವಿಷಯದಲ್ಲಿ ರವಿಶಂಕರರ ಕಡೆ. ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ವೀಣೆಯ ಪಕ್ಕ ಗಿಟಾರೂ ಇರುತ್ತದೆ, ಆಂಪಿಗೂ ಕುಂಕುಮ ಹಚ್ಚುತ್ತೇವೆ. ಹೆಂಡ್ರಿಕ್ಸರ ಬೆಂಕಿಯ ಫೋಟೊ ಅವನ ರೂಮಿನ ಗೋಡೆಯ ಮೇಲಿದೆ. ಆದರೆ ಅವನು ದಿನಾ ಅಭ್ಯಾಸ ಮಾಡುವುದು ಬೆಂಕಿಯನ್ನಲ್ಲ, ಆ ತಂತಿ ಎಳೆತವನ್ನು.

ಟೋನಿ ಅಯೋಮಿಯ ಕತೆ ಇನ್ನೂ ಹತ್ತಿರದ್ದು ಅನ್ನಿಸುತ್ತದೆ ನನಗೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಕಾರ್ಮಿಕರ ಮನೆಯ ಹುಡುಗ. 17ನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯ ಮೆಷಿನ್ನಿಗೆ ಸಿಕ್ಕು ಬಲಗೈಯ ಎರಡು ಬೆರಳ ತುದಿ ಹೋಯಿತು. ಆತ ಎಡಗೈ ಆಟಗಾರ, ಹಾಗಾಗಿ ತಂತಿ ಒತ್ತಬೇಕಾದ ಬೆರಳುಗಳೇ ಅವು. ಗಿಟಾರಿನ ಆಸೆಯನ್ನೇ ಬಿಟ್ಟು ಕೂತಿದ್ದಾಗ ಕಾರ್ಖಾನೆಯ ಮೇಲಧಿಕಾರಿಯೊಬ್ಬರು ಜ್ಯಾಂಗೊ ರೈನ್‌ಹಾರ್ಟ್ ರೆಕಾರ್ಡ್ ಕೇಳಿಸಿದರು. ಜ್ಯಾಂಗೊ ಬೆಂಕಿಗೆ ಸಿಕ್ಕು ಎರಡು ಬೆರಳು ಸರಿಯಾಗಿ ಆಡದಿದ್ದರೂ ಯುರೋಪಿನಲ್ಲೇ ಹೆಸರಾದ ಗಿಟಾರ್ ವಾದಕ. ಅಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡರು, ಮೇಲೆ ಚರ್ಮ ಅಂಟಿಸಿದರು. ನೋವಾಗದಿರಲೆಂದು ತೆಳು ತಂತಿ ಹಾಕಿದರು, ಮುಂದೆ ಶ್ರುತಿಯನ್ನೂ ಇಳಿಸಿದರು. ಅವರ ಆ ಭಾರದ ಸದ್ದು 1970ರಿಂದ ಬ್ಲ್ಯಾಕ್ ಸಬ್ಬತ್ ತಂಡದ ಮೂಲಕ ಲೋಕಕ್ಕೆ ಕೇಳಿತು. ಹೆವಿ ಮೆಟಲ್ ಅಂತ ಕರೆಯುವ ಸಂಗೀತಕ್ಕೆ ಅದು ಬೇರು. 2025ರ ಜುಲೈ 5ರಂದು ಅದೇ ಊರಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ತಂಡದ ಮೂಲ ನಾಲ್ವರೂ ಕೊನೆಯ ಬಾರಿ ಸೇರಿ ನುಡಿಸಿದರು. ಗಾಯಕ ಓಝಿ ಓಸ್ಬರ್ನ್ ಅದೇ ತಿಂಗಳ 22ರಂದು ತೀರಿಕೊಂಡರು. ವಿಲ್ಲಾ ಪಾರ್ಕಿನಲ್ಲಿ ಆ ದಿನ ಅವರಿಗಿಂತ ಮೊದಲು ನುಡಿಸಲು ಬಂದವರಲ್ಲಿ ಅಮೆರಿಕದ ಮೆಟಾಲಿಕಾ ತಂಡ ಕೂಡ ಇತ್ತು. ಅದೇ ಮೆಟಾಲಿಕಾ 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಮೈಸೂರಿನಿಂದ ಬೆಳಗಿನ ರೈಲು ಹತ್ತಿ ಹೋದ ಹುಡುಗರು ನನಗೇ ಎಷ್ಟೋ ಜನ ಗೊತ್ತು.

ಗಿಟಾರ್ ಕಾಲ ಮುಗಿಯಿತು ಅಂತ ಆಗಾಗ ಹೇಳುತ್ತಾರೆ. 2018ರಲ್ಲಿ ಗಿಟಾರ್ ಮಾಡುವ ಗಿಬ್ಸನ್ ಕಂಪನಿ ದಿವಾಳಿ ಅರ್ಜಿ ಹಾಕಿದಾಗ ಈ ಮಾತು ಜೋರಾಯಿತು. ಎರಡೇ ವರ್ಷದಲ್ಲಿ, 2020ರಲ್ಲಿ, ಇನ್ನೊಂದು ಗಿಟಾರ್ ಕಂಪನಿ ಫೆಂಡರ್ ತನ್ನ ಇತಿಹಾಸದಲ್ಲೇ ಅತಿ ಹೆಚ್ಚು ವ್ಯಾಪಾರ ಮಾಡಿತು. ಲಾಕ್‌ಡೌನಿನಲ್ಲಿ ಮನೆಯಲ್ಲಿ ಕೂತವರು ವಾದ್ಯ ಹಿಡಿದರು. ಅಂದರೆ ಕಲಿಯುವವರಿಗೆ ಬರವಿಲ್ಲ. ಕಲಿತ ಮೇಲೆ ಎಲ್ಲಿ ಹೋಗಬೇಕು ಅನ್ನುವುದೇ ಪ್ರಶ್ನೆ.

ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತ ಉತ್ಸವವನ್ನು ನೋಡಿ. 1970ರ ಸೆಪ್ಟೆಂಬರ್ 19ರಂದು, ಹೆಂಡ್ರಿಕ್ಸ್ ತೀರಿಕೊಂಡ ಮಾರನೇ ದಿನ, ಮೈಕಲ್ ಈವಿಸ್ ಅನ್ನುವ ಹೈನುಗಾರರು ತಮ್ಮ ಫಾರ್ಮಿನಲ್ಲಿ ಅದನ್ನು ಶುರುಮಾಡಿದರು. ಟಿಕೆಟ್ ಒಂದು ಪೌಂಡು, ಜೊತೆಗೆ ಹಾಲು ಉಚಿತ. ಬಂದವರು ಸುಮಾರು 1500 ಜನ. ಈಗ ಅದಕ್ಕೆ ಎರಡು ಲಕ್ಷ ಜನ ಸೇರುತ್ತಾರೆ. ವುಡ್‌ಸ್ಟಾಕ್ ಒಂದು ಸಲ ಆಯಿತು, ನೆನಪಾಯಿತು. ಗ್ಲಾಸ್ಟನ್‌ಬರಿ ನಡುನಡುವೆ ಬಿಡುವು ಕೊಟ್ಟರೂ ಮತ್ತೆ ಮತ್ತೆ ಬಂತು. ಅಲ್ಲಿ ದೊಡ್ಡ ವೇದಿಕೆಯ ಜೊತೆಗೆ ಹೆಸರಿಲ್ಲದವರಿಗೆಂದು ಎಷ್ಟೋ ಸಣ್ಣ ವೇದಿಕೆಗಳಿವೆ. 2011ರಲ್ಲಿ ಅಲ್ಲಿ ಹಾಡಿದವರಲ್ಲಿ ನಮ್ಮ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಇದ್ದರು. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ಕೊರಳಿಗೆ ಗಿಟಾರ್. ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರಿಗೆ ಹೊಂದಿಸಿ ಊರೂರು ಹಾಡಿದವರು ಅವರು. ಭರತನಾಟ್ಯ ಕಲಿತು, ಮೈಕ್ರೋಬಯಾಲಜಿ ಓದಿ, ಗಿಟಾರ್ ತಾವೇ ಕಲಿತವರು. ಅವರ ತಮ್ಮ ವಾಸು ದೀಕ್ಷಿತ್ 'ಸ್ವರಾತ್ಮ' ತಂಡದ ದನಿ. ಇಬ್ಬರೂ ಹೆಸರು ಮಾಡಿದ್ದು ಮೈಸೂರಿನಲ್ಲಲ್ಲ, ಬೆಂಗಳೂರಿಗೆ ಹೋದ ಮೇಲೆ. ಇದು ನನಗೆ ಬೇಸರದ ವಿಷಯ.

ನಮ್ಮ ದೇಶದಲ್ಲೇ ಬೇರೆ ದಾರಿ ಹಿಡಿದ ಊರುಗಳಿವೆ. ಶಿಲ್ಲಾಂಗಿನಲ್ಲಿ ಲೂ ಮಾಜಾ ಅನ್ನುವ ಗಾಯಕರು 1972ರಿಂದ ಪ್ರತಿ ಮೇ 24ಕ್ಕೆ ಅಮೆರಿಕದ ಹಾಡುಗಾರ ಬಾಬ್ ಡಿಲನ್ ಹುಟ್ಟುಹಬ್ಬ ಮಾಡಿಕೊಂಡು ಬಂದಿದ್ದಾರೆ. ಒಬ್ಬ ಮನುಷ್ಯನ ಹಟದಿಂದ ಊರಿಗೆ ಒಂದು ಗುರುತು ಬಂತು. ನಾಗಾಲ್ಯಾಂಡ್ ಸರ್ಕಾರ 2000ದಲ್ಲಿ ಹಾರ್ನ್‌ಬಿಲ್ ಉತ್ಸವ ಶುರುಮಾಡಿತು. ಬುಡಕಟ್ಟುಗಳ ಕುಣಿತ, ಅಡುಗೆ, ನೇಯ್ಗೆ ಎಲ್ಲ ಇರುವ ಆ ಸರ್ಕಾರಿ ಹಬ್ಬದಲ್ಲಿ ರಾಕ್ ಸ್ಪರ್ಧೆಗೂ ಜಾಗ ಸಿಕ್ಕಿತು. ನಾಡಹಬ್ಬ ಅಂತ ಕರೆಯುವ ದಸರಾ ನಡೆಸುವವರು ಇದನ್ನು ಗಮನಿಸಬೇಕು.

ಮೈಸೂರಿಗೆ ಹೊರಗಿನ ವಾದ್ಯ ಹೊಸದೇನಲ್ಲ. ಅರಮನೆಯಲ್ಲಿ ಕರ್ನಾಟಕ ಸಂಗೀತದ ವಾದ್ಯವೃಂದದ ಜೊತೆ ಇಂಗ್ಲಿಷ್ ಬ್ಯಾಂಡೂ ಇತ್ತು. ಆ ಬ್ಯಾಂಡಿನ ಸ್ಯಾಕ್ಸೋಫೋನ್ ಕೇಳಿಯೇ ದಕ್ಷಿಣ ಕನ್ನಡದ ನಾಗಸ್ವರದ ಮನೆಯ ಹುಡುಗ ಕದ್ರಿ ಗೋಪಾಲನಾಥ್ ಆ ವಾದ್ಯಕ್ಕೆ ಮನಸ್ಸು ಕೊಟ್ಟರು. ಅದರಲ್ಲಿ ಗಮಕ, ಅಂದರೆ ಸ್ವರದ ಓಲಾಟ, ಹುಟ್ಟಿಸಲು ವರ್ಷಗಟ್ಟಲೆ ಒದ್ದಾಡಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನುಡಿಸಿದರು. ಜಯಚಾಮರಾಜ ಒಡೆಯರು ಪಿಯಾನೊ ಬಲ್ಲವರು, ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ರಷ್ಯಾದ ಮೆಡ್ಟ್‌ನರ್ ಅನ್ನುವ ಸಂಗೀತಗಾರರು ವಯಸ್ಸಾಗಿ, ಜನ ಮರೆತು, ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ ಅವರ ಕೃತಿಗಳನ್ನು ರೆಕಾರ್ಡ್ ಮಾಡಿಸಲು ಹಣ ಕೊಟ್ಟರು. ಆ ರೆಕಾರ್ಡುಗಳು ಇವತ್ತಿಗೂ ಸಿಗುತ್ತವೆ. ವುಡ್‌ಸ್ಟಾಕಿನ ಕ್ಯಾಮೆರಾ ಮಾಡಿದ ಕೆಲಸವನ್ನೇ ಮೈಸೂರಿನ ಒಬ್ಬ ದೊರೆ ಅದಕ್ಕೂ 20 ವರ್ಷ ಮೊದಲು ಮಾಡಿದ್ದರು.

ಹೊರಗಿನ ವಾದ್ಯವನ್ನು ನಾವು ತೆಗೆದುಕೊಂಡಿದ್ದು ಮಾತ್ರವಲ್ಲ, ಗಿಟಾರೂ ನಮ್ಮಿಂದ ಕಲಿತಿದೆ. ಇಂಗ್ಲೆಂಡಿನ ಜಾನ್ ಮೆಕ್‌ಲಾಫ್ಲಿನ್ 1970ರ ದಶಕದಲ್ಲಿ ವೀಣೆ ಕಲಿತರು. ಝಾಕಿರ್ ಹುಸೇನ್, ಎಲ್. ಶಂಕರ್, ಘಟಂ ವಿನಾಯಕರಾಂ ಜೊತೆ 'ಶಕ್ತಿ' ತಂಡ ಕಟ್ಟಿದಾಗ ವಿಶೇಷವಾಗಿ ಗಿಟಾರ್ ಮಾಡಿಸಿದರು. ಮೆಟ್ಟಿಲುಗಳ ನಡುವಿನ ಮರವನ್ನು ಕೆತ್ತಿ ತಗ್ಗು ಮಾಡಿಸಿದರು. ವೀಣೆಯಲ್ಲಿ ಮೇಣದ ಮೇಲೆ ಕೂರಿಸಿದ ಎತ್ತರದ ಮೆಟ್ಟಿಲುಗಳ ನಡುವೆ ಜಾಗ ಇರುತ್ತದಲ್ಲ, ಹಾಗೆ. ಬೆರಳಿಗೆ ಮರ ತಾಗದೆ ತಂತಿಯನ್ನು ಹೇಗೆ ಬೇಕಾದರೂ ಎಳೆಯಬಹುದು. 2024ರಲ್ಲಿ ಅದೇ ತಂಡಕ್ಕೆ ಗ್ರ್ಯಾಮಿ ಸಂಗೀತ ಪ್ರಶಸ್ತಿ ಬಂತು. ಈ ಕತೆ ಹೇಳಿದಾಗ ಅಕ್ಕ ಮಗನ ಗಿಟಾರ್ ಕೈಗೆ ತೆಗೆದುಕೊಂಡು ಮರದ ಮೇಲೆ ಬೆರಳಾಡಿಸಿ ನೋಡಿದಳು.

ಇನ್ನು ಎಂಟನೇ ಕ್ರಾಸಿನ ಮಾತು. ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸಿನಲ್ಲಿ 1962ರಿಂದ ಗಣೇಶೋತ್ಸವದ ಸಂಗೀತ ಕಛೇರಿಗಳು ನಡೆಯುತ್ತಿವೆ. ರಸ್ತೆಗೇ ಪೆಂಡಾಲ್ ಹಾಕಿ, ಕುರ್ಚಿ ಹಾಕಿ, ದೊಡ್ಡ ದೊಡ್ಡ ವಿದ್ವಾಂಸರನ್ನು ಕೂರಿಸಿ ಹಾಡಿಸಿದ ಬೀದಿ ಅದು. ನಾನು ಚಿಕ್ಕವನಿದ್ದಾಗ ಅಪ್ಪನ ಜೊತೆ ಅಲ್ಲಿಗೆ ಹೋಗುತ್ತಿದ್ದೆ. ಪಕ್ಕದ ಮನೆಯ ಗೇಟಿಗೆ ಒರಗಿ ಕೇಳುತ್ತಿದ್ದೆ. ತಾಳ ಹಾಕುವುದನ್ನು ಕಲಿತಿದ್ದು ಅಲ್ಲೇ, ಪಕ್ಕದಲ್ಲಿ ಕೂತವರ ಕೈ ನೋಡಿಕೊಂಡು. ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ರಾಮಮಂದಿರದ ರಾಮನವಮಿ ಕಛೇರಿಗಳೂ ಹೀಗೇ ಬೆಳೆದವು. ಒಂದು ಬೀದಿ ಅಥವಾ ಒಂದು ಗುಡಿ, ವರ್ಷಕ್ಕೊಮ್ಮೆ ತಪ್ಪದೆ ಬರುವ ದಿನ, ಕೇಳಲು ಬರುವ ಅದೇ ಜನ. ಮೈಸೂರಿನಲ್ಲಿ ಕರ್ನಾಟಕ ಸಂಗೀತ ಗಟ್ಟಿಯಾಗಿ ಉಳಿದದ್ದಕ್ಕೆ ಅರಮನೆಯಷ್ಟೇ ಈ ಬೀದಿಗಳೂ ಕಾರಣ ಅಂತ ನಾನು ನಂಬುತ್ತೇನೆ.

ಗಿಟಾರಿಗೆ ಇಲ್ಲಿ ಅಂಥ ಬೀದಿ ಇಲ್ಲ. ದಸರಾದ ಭಾಗವಾಗಿ ಯುವ ದಸರಾ ಇದೆ. ವರ್ಷಗಟ್ಟಲೆ ಮಹಾರಾಜ ಕಾಲೇಜು ಮೈದಾನದಲ್ಲಿ ನಡೆಯುತ್ತಿತ್ತು, 2024ರಲ್ಲಿ ಉತ್ತನಹಳ್ಳಿ ಕಡೆಗೆ ಹೋಯಿತು. ಆ ವರ್ಷ ಎ.ಆರ್. ರೆಹಮಾನ್, ಇಳಯರಾಜ ಬಂದಿದ್ದರು. ಅವರು ಬರಲಿ, ನಮ್ಮ ಊರಿನ ಭಾಗ್ಯ. ಆದರೆ ಆ ವೇದಿಕೆ ನೋಡಲಿಕ್ಕೆ ಇರುವುದು, ಹತ್ತಲಿಕ್ಕಲ್ಲ. ಮಾನಸಗಂಗೋತ್ರಿಯ ಬಯಲು ರಂಗಮಂದಿರದ ಯುವ ಸಂಭ್ರಮಕ್ಕೆ ಕಾಲೇಜು ಹುಡುಗರು ಹತ್ತುತ್ತಾರೆ. ಅಲ್ಲಿ ಬಹುಪಾಲು ಕುಣಿತ, ಅದೂ ರೆಕಾರ್ಡ್ ಹಾಡಿಗೆ. ವಾದ್ಯ ಕಟ್ಟಿಕೊಂಡು ಬಂದು ಸ್ವಂತ ಹಾಡು ಹಾಡುವವರಿಗೆ ಸಮಯವೂ ಸಾಲದು, ಸೌಂಡ್ ಚೆಕ್ಕಿಗೆ ಅವಕಾಶವೂ ಕಷ್ಟ.

ಮಂಡ್ಯ ಕಡೆ ನೋಡಿದರೆ ಗಿಟಾರ್ ಇದೆ, ಆರ್ಕೆಸ್ಟ್ರಾದಲ್ಲಿ. ಹಳ್ಳಿಯ ಜಾತ್ರೆ, ಗಣೇಶನ ಹಬ್ಬ, ಕಬ್ಬಿನ ಗದ್ದೆ ಪಕ್ಕದ ಮೈದಾನ. ಗಾಯಕರು ಮುಂದೆ. ಗಿಟಾರಿನವರು ಹಿಂದೆ, ಕೀಬೋರ್ಡಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ. ರಾತ್ರಿ ಹತ್ತಕ್ಕೆ ಮುಗಿಸಿ, ವೈರು ಸುತ್ತಿ, ಟೆಂಪೊ ಹತ್ತಿ ಮುಂದಿನ ಊರಿಗೆ. ಒಮ್ಮೆ ಪಾಂಡವಪುರದ ಹತ್ತಿರ ಅಂಥ ಒಂದು ಆರ್ಕೆಸ್ಟ್ರಾ ಕೇಳಿದ್ದೆ. ಹಳೆಯ ಸಿನಿಮಾ ಹಾಡಿನ ನಡುವೆ ನಾಲ್ಕೇ ಆವರ್ತ ಗಿಟಾರಿಗೆ ಸಿಕ್ಕಿತು. ಆ ಮನುಷ್ಯ ಕಣ್ಣು ಮುಚ್ಚಿ ನುಡಿಸಿದ್ದು ಇನ್ನೂ ಕಿವಿಯಲ್ಲಿದೆ. ಆ ಕೈಗೆ ಹತ್ತು ನಿಮಿಷ ಕೊಟ್ಟಿದ್ದರೆ ಏನು ಕೇಳುತ್ತಿದ್ದೆವೋ!

ಹತ್ತು ನಿಮಿಷದ ಮಾತು ಸುಮ್ನೆ ಆಡುತ್ತಿಲ್ಲ. ಹೋದ ವರ್ಷ ಒಂದು ಬಡಾವಣೆಯ ಗಣೇಶೋತ್ಸವದಲ್ಲಿ ನನ್ನ ಅಕ್ಕನ ಮಗನ ತಂಡಕ್ಕೆ ಅರ್ಧ ಗಂಟೆ ಕೊಡುತ್ತೇವೆ ಅಂದಿದ್ದರು. ನಾಲ್ಕು ಜನ ಹುಡುಗರು, ಎರಡು ತಿಂಗಳ ತಯಾರಿ, ಕನ್ನಡದಲ್ಲಿ ಬರೆದ ಐದು ಹಾಡು. ಆರು ಗಂಟೆಗೆ ಬನ್ನಿ ಅಂದವರು ವೇದಿಕೆ ಕೊಟ್ಟಿದ್ದು 9.40ಕ್ಕೆ. ಮೊದಲ ಹಾಡು ಮುಗಿದು ಎರಡನೆಯದು ಅರ್ಧಕ್ಕೆ ಬರುವಾಗ ಕರೆಂಟು ತೆಗೆದರು. "ಹತ್ತು ಗಂಟೆ ಆಯ್ತಪ್ಪಾ, ರೂಲ್ಸು" ಅಂದರು. ನಿಯಮ ಇರುವುದು ನಿಜ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ನಿಯಮ ಒಳ್ಳೆಯದೇ. ಅಕ್ಕಪಕ್ಕದಲ್ಲಿ ಕಾಯಿಲೆಯವರು, ಮಕ್ಕಳು ಇರುತ್ತಾರೆ. ನನ್ನ ದೂರು ನಿಯಮದ ಮೇಲಲ್ಲ, ಹುಡುಗರನ್ನು ಕೊನೆಗೆ ತಳ್ಳಿದ ಲೆಕ್ಕಾಚಾರದ ಮೇಲೆ. ಭಾಷಣಕ್ಕೆ, ಸನ್ಮಾನಕ್ಕೆ ಎರಡು ಗಂಟೆ ಹೋಗಿತ್ತು. ಹಿಂತಿರುಗುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಮನೆ ಹತ್ತಿರ ಬಂದಾಗ ಅವನು "ಮಾವ, ಮೂರನೇ ಹಾಡು ಚೆನ್ನಾಗಿತ್ತು, ನೀವು ಕೇಳಲೇ ಇಲ್ಲ" ಅಂದ.

ಬೇಕಾಗಿರುವುದು ದೊಡ್ಡದೇನಲ್ಲ. ಯುವ ದಸರಾದ ಪ್ರತಿ ಸಂಜೆ ಮೊದಲ ಒಂದು ಗಂಟೆ ಮೈಸೂರು, ಮಂಡ್ಯ, ಚಾಮರಾಜನಗರದ ತಂಡಗಳ ಸ್ವಂತ ಹಾಡಿಗೆ ಮೀಸಲಿಡಬಹುದು. ದೊಡ್ಡವರಿಗೆ ಹಾಕಿದ ವೇದಿಕೆ, ಸೌಂಡು, ದೀಪ ಹೇಗೂ ಇರುತ್ತದೆ. ಬೇರೆ ಖರ್ಚು ಹೆಚ್ಚಿಗೆ ಬೀಳುವುದಿಲ್ಲ. ಆರ್ಕೆಸ್ಟ್ರಾದ ಗಿಟಾರಿನವರನ್ನೂ ಅಲ್ಲಿಗೆ ಕರೆಯಬೇಕು. ಮತ್ತು ಅದನ್ನು ಸರಿಯಾಗಿ ರೆಕಾರ್ಡ್ ಮಾಡಬೇಕು, ಇದು ಮುಖ್ಯ. ಎದುರಿಗೆ ನೂರೇ ಜನ ಇದ್ದರೂ ಪರವಾಗಿಲ್ಲ. ಹೆಂಡ್ರಿಕ್ಸರ ಎದುರೂ ಆ ಸೋಮವಾರ ಬೆಳಗ್ಗೆ ಮೈದಾನ ಖಾಲಿಯಾಗುತ್ತಿತ್ತು. ಇನ್ನೂ ಮುಖ್ಯವಾದದ್ದು, ಮರುವರ್ಷ ಮತ್ತೆ ಮಾಡಬೇಕು. ಒಂದು ವರ್ಷ ಅಬ್ಬರವಾಗಿ ಮಾಡಿ ಬಿಟ್ಟರೆ ಬೀದಿಗೆ ಅಭ್ಯಾಸ ಆಗುವುದಿಲ್ಲ. ಎಂಟನೇ ಕ್ರಾಸಿಗೆ ಆ ಹೆಸರು ಬಂದಿದ್ದು ಒಂದು ಕಛೇರಿಯಿಂದಲ್ಲ.

ಮುಂಬೈಯಲ್ಲಿ ರಂಗಭವನ ಅನ್ನುವ ಬಯಲು ರಂಗಮಂದಿರ ಇತ್ತು. 1986ರಲ್ಲಿ ಶುರುವಾದ ಇಂಡಿಪೆಂಡೆನ್ಸ್ ರಾಕ್ ಉತ್ಸವ ಬೆಳೆದಿದ್ದು ಅಲ್ಲೇ. ಸುತ್ತಮುತ್ತ ನಿಶ್ಶಬ್ದ ವಲಯ ಆದ ಮೇಲೆ ಅಲ್ಲಿ ಕಛೇರಿಗಳು ನಿಂತವು. ಆ ಜಾಗ ನೆನೆದು ಇವತ್ತಿಗೂ ಬೇಸರಪಡುವ ಹಳೆಯ ವಾದಕರು ಇದ್ದಾರೆ. ಅದಕ್ಕೇ ಜಾಗ ಆರಿಸುವಾಗಲೇ ಯೋಚಿಸಬೇಕು. ಆಸ್ಪತ್ರೆ, ಶಾಲೆ, ಕೋರ್ಟಿನಿಂದ ದೂರ ಇರಬೇಕು. ಸಂಜೆ ಬೇಗ ಶುರುಮಾಡಿ ಬೇಗ ಮುಗಿಸಬೇಕು.

ನಮ್ಮ ಬೀದಿಯವರ ಜೊತೆ ಮಾತಾಡಿದ್ದೇನೆ. ಮೊದಲು ಇಬ್ಬರು ಬೇಡ ಅಂದರು, ಸದ್ದು ಜಾಸ್ತಿ ಅಂತ. ಅಕ್ಕ ಅವರ ಮನೆಗೆ ಹೋಗಿ, ಮೊದಲ ಅರ್ಧ ಗಂಟೆ ತಾನೇ ವೀಣೆ ನುಡಿಸುತ್ತೇನೆ, ಆಮೇಲೆ ಹುಡುಗರು ಅಂದಳು. ಒಪ್ಪಿದರು. ಈ ಸಲದ ಗಣೇಶನ ಹಬ್ಬದ ಮೂರನೇ ದಿನ, ಸಂಜೆ 5.30ರಿಂದ 8. ಕರೆಂಟು ಮೂಲೆ ಮನೆಯವರು ಕೊಡುತ್ತಾರೆ, ಕುರ್ಚಿ ಐವತ್ತು. ರೆಕಾರ್ಡ್ ಮಾಡಲು ಅವನ ಕಾಲೇಜಿನ ಒಬ್ಬ ಹುಡುಗಿ ಒಪ್ಪಿದ್ದಾಳೆ. ಹಾಡುಗಳ ಪಟ್ಟಿಯನ್ನು ಅವನು ಫ್ರಿಜ್ ಮೇಲೆ ಅಂಟಿಸಿದ್ದಾನೆ. ಹೋದ ವರ್ಷ ನಾನು ಕೇಳದ ಆ ಮೂರನೇ ಹಾಡು ಈ ಸಲ ಮೊದಲಿಗೇ ಇದೆ.